ಕುಂಟೆ ಮೂಲೆಯಲ್ಲಿ ಕೂತ ದಿನ

ಸಾಸ್ವೆಹಳ್ಳಿಯ ಹೆಂಗಸರ ಸಂಘ ಹೊಲ ಹರಗುವ ಎತ್ತಿನ ಕುಂಟೆ, ಬಿತ್ತುವ ಕೂರಿಗೆಗಳನ್ನು ಬಾಡಿಗೆಗೆ ಕೊಡುತ್ತದೆ. ಹತ್ತು ಮನೆಗಳ ದುಡಿಮೆ ಅದು. ಪರಿಶೀಲನೆಗೆ ಬಂದ ಅಧಿಕಾರಿ, ‘ಬೇಡಿಕೆಯಿಲ್ಲ, ಮುಚ್ಚಬೇಕು’ ಎಂದು ಶಿಫಾರಸು ಬರೆದ. ಸಭೆಯಲ್ಲಿ ಸಂಘದ ಪರ ಹೋರಾಟಕ್ಕಿಳಿದಿದ್ದ ನಾನು ಅವನನ್ನು ಬಡವರ ಶತ್ರು ಎಂದು ಕೂಗಾಡಿದೆ.

‘ನಾಲ್ಕು ಸಲ ಬಂದು ನೋಡಿದ್ದೇನೆ. ಒಂದು ಕುಂಟೆಯೂ ಹೊರಗೆ ಹೋಗಿರಲಿಲ್ಲ’ ಎಂದ.

ಸಂಘದ ಗಂಗಮ್ಮ ಕೇಳಿದಳು: ‘ಯಾವ ವಾರ ಬಂದಿದ್ರಿ ಸಾರ್?’

‘ಪ್ರತಿ ಸಲವೂ ಸೋಮವಾರ.’

ಹೆಂಗಸರೆಲ್ಲ ಗೊಳ್ಳೆಂದರು. ‘ಸೋಮವಾರ ಬಸವಣ್ಣನ ವಾರ ಐತ್ರಿ. ಯಾರೂ ಎತ್ತು ಹೂಡಲ್ಲ. ನಾಳೆ ಬಂದು ನೋಡ್ರಿ.’

ಮರುದಿನ ಬಂದ. ಕುಂಟೆ ಇಡುವ ಶೆಡ್ಡು ಖಾಲಿಯಿತ್ತು. ಶಿಫಾರಸು ಬದಲಾಯಿತು.

ಸೋಮವಾರದ ವಿಷಯ ಅವನಿಗೆ ಗೊತ್ತಿರಲಿಲ್ಲ. ಇದೇ ಊರಿನ ರೈತನ ಮಗನಾದ ನನಗೆ ಗೊತ್ತಿತ್ತು. ಆದರೂ ಕೂಗುವ ಮೊದಲು ಯಾವ ವಾರ ಬಂದಿದ್ದನೆಂದು ಕೇಳಲಿಲ್ಲ. ಹೋರಾಟ ಗೆದ್ದಿತೆಂದು ಸಂಘದವರು ನನಗೇ ಹಾರ ಹಾಕಿದರು. ನಾನೂ ಹಾಕಿಸಿಕೊಂಡೆ.