ಮೆಟ್ಟಿಲಿನ ಕೆಳಗಿನ ಗೆರೆ

ಮಂಗಳೂರಿನಲ್ಲಿ ಬಸ್ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷ ಬಣ್ಣ ಹೊಡೆದಿದ್ದ ಜಯಕರನಿಗೆ ಅಮೆರಿಕದ ಮೇರಿಲ್ಯಾಂಡಿನಲ್ಲೂ ಅದೇ ಕಸುಬು ಕೈಹಿಡಿಯಿತು. ನರ್ಸ್ ಆಗಿದ್ದ ಹೆಂಡತಿ ಕುಸುಮಾವತಿಯ ಕೆಲಸದ ಮೇಲೆ ಇಬ್ಬರೂ ಅಲ್ಲಿನ ಜರ್ಮನ್‌ಟೌನಿಗೆ ಬಂದಿದ್ದರು. ವಾಷಿಂಗ್ಟನ್ನಿನ ಬೀದಿಗಳಲ್ಲಿ ಹಿಂದೆ ಓಡಿದ ಟ್ರಾಮ್‌ಗಳನ್ನು ಜೋಪಾನ ಮಾಡುವ ಒಂದು ಸಣ್ಣ ಸಂಸ್ಥೆ 2023ರಲ್ಲಿ ಅವನನ್ನು ಆರು ತಿಂಗಳ ಮಟ್ಟಿಗೆ ಪೇಂಟರ್ ಆಗಿ ತೆಗೆದುಕೊಂಡಿತು.

ಹಸಿರು ಟ್ರಾಮ್ ಅವನ ಮೂರನೆಯ ಗಾಡಿ. ಹಳೆಯ ಬಣ್ಣದಲ್ಲಿ ಸೀಸವಿತ್ತು. ಮಾಸ್ಕ್ ಕಟ್ಟಿಕೊಂಡು ಎರಡು ತಿಂಗಳು ಕೆರೆದು, ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಕೊಟ್ಟಿದ್ದ. ಶನಿವಾರ ಅದು ಅರವತ್ತು ಶಾಲಾಮಕ್ಕಳನ್ನು ಹೊತ್ತು ಓಡಬೇಕಿತ್ತು.

ಶುಕ್ರವಾರ ಬೆಳಗ್ಗೆ ಚಹಾ ಕುಡಿಯುತ್ತ ಅವನು ಆ ಗಾಡಿಯ ಕೆಲಸ ಶುರುಮಾಡುವ ಮುಂಚೆ ತೆಗೆದಿಟ್ಟ ಫೋಟೋಗಳನ್ನು ನೋಡುತ್ತಿದ್ದ. ಹಿಂಬಾಗಿಲ ಮೆಟ್ಟಿಲನ್ನು ಹೊತ್ತ ಕಬ್ಬಿಣದ ಮೇಲೆ ಕೂದಲೆಳೆಯಂಥ ಒಂದು ಗೆರೆ ಕಂಡಿತು. ಗೀರು ಎಂದುಕೊಂಡು ಅವನೇ ಪುಟ್ಟಿ ಬಳಿದಿದ್ದ. ಗೀರಾದರೆ ತುಕ್ಕು ಮೇಲೆಯೇ ನಿಲ್ಲುತ್ತದೆ. ಇಲ್ಲಿ ಅದು ಗೆರೆಯ ಒಳಗಿನಿಂದ ಒಸರಿ ಕೆಳಗಿಳಿದಿತ್ತು. ಬಿರುಕಿರಬೇಕು ಎಂದುಕೊಂಡು ಅವನು ಚಹಾದ ಲೋಟ ಕೆಳಗಿಟ್ಟ.

"ಎಂತ ಆಯ್ತು ನಿಮಗೆ? ಮುಖ ಯಾಕೆ ಹೀಗುಂಟು?" ಎಂದಳು ಕುಸುಮಾವತಿ.

ಅವನು ಫೋಟೋ ತೋರಿಸಿದ.

"ನೀವು ಪೇಂಟರ್ ಅಲ್ವಾ? ಕಬ್ಬಿಣ ನೋಡ್ಲಿಕ್ಕೆ ಎಂಜಿನಿಯರ್ ಇದ್ದಾರಲ್ಲ."

"ಅವರು ನೋಡುವ ಮೊದಲು ಮುಚ್ಚಿದ್ದು ನಾನೇ ಅಲ್ವಾ ಮಾರಾಯ್ತಿ."

ಹೈವೇಯಲ್ಲಿ ಸಾಲುಗಟ್ಟಿ ನಿಂತ ಕಾರುಗಳ ನಡುವೆ ಅವನು ಅದನ್ನೇ ಲೆಕ್ಕ ಹಾಕುತ್ತಿದ್ದ. ಹೇಳಿದರೆ ನಾಳೆಯ ಓಡಾಟ ನಿಲ್ಲುತ್ತದೆ, ಮುಂದಿನ ತಿಂಗಳು ಮುಗಿಯುವ ಕೆಲಸ ಮತ್ತೆ ಸಿಗುವುದೂ ಅನುಮಾನ. ಹೇಳದಿದ್ದರೆ? ಮಕ್ಕಳು ಒಂದೊಂದಾಗಿ ಹತ್ತುವುದಿಲ್ಲ, ಆ ಮೆಟ್ಟಿಲ ಮೇಲೆ ಗುಂಪಾಗಿ ಧುಮುಕುತ್ತವೆ.

ಶೆಡ್ಡಿನಲ್ಲಿ ಎಂಜಿನಿಯರ್ ಯಾಮಿನಿ ಇದ್ದಳು. ಮೈಸೂರಿನವಳು, ವಯಸ್ಸಿನಲ್ಲಿ ಅವನ ಅರ್ಧದಷ್ಟು. ಅವನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ.

ಯಾಮಿನಿ ಟಾರ್ಚ್ ಹಿಡಿದು ಬಗ್ಗಿ ನೋಡಿದಳು. ಹೊಸ ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. "ಏನೂ ಕಾಣ್ತಿಲ್ಲ ಅಂಕಲ್. ಹೋದ ವರ್ಷ ಇನ್ಸ್‌ಪೆಕ್ಷನ್ ಪಾಸ್ ಆಗಿದೆ. ಫೋಟೋಲಿರೋದು ಬರೀ ಸ್ಕ್ರ್ಯಾಚ್ ಇರಬಹುದು."

"ಇರಬಹುದು ಮೇಡಂ. ಆದ್ರೆ ನಾನು ಕೆರೆದು ತೋರಿಸ್ತೇನೆ. ಸುಳ್ಳಾದ್ರೆ ಇವತ್ತೇ ಮತ್ತೆ ಬಣ್ಣ ಹೊಡೀತೇನೆ."

ಅವಳು ಗಡಿಯಾರ ನೋಡಿ, "ಸರಿ, ಬೇಗ ಮಾಡಿ" ಎಂದಳು.

ತಾನೇ ನಯ ಮಾಡಿದ್ದನ್ನು ಅವನು ಕೆರೆಯತೊಡಗಿದ. ಕಬ್ಬಿಣ ಬರಿದಾಯಿತು, ಗೆರೆ ಅಷ್ಟೇನೂ ಎದ್ದು ಕಾಣಲಿಲ್ಲ. ಬಿರುಕು ಪತ್ತೆಹಚ್ಚುವ ಕೆಂಪು ದ್ರವವನ್ನು ಯಾಮಿನಿ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿಯದನ್ನು ಸಿಂಪಡಿಸಿದಳು. ಬಿರುಕಿದ್ದರೆ ಒಳಗೆ ಉಳಿದ ಕೆಂಪು ಬಿಳಿಯ ಮೇಲೆ ಮೂಡಬೇಕು. ಇಬ್ಬರೂ ಮಂಡಿಯೂರಿ ಕಾದರು. ಐದು ನಿಮಿಷ ಏನೂ ಇಲ್ಲ. ಅವಮಾನವಾದರೂ ಆಗಲಿ, ಮೂಡದಿರಲಿ ಎಂದು ಜಯಕರ ಬೇಡಿಕೊಂಡ.

ಮೊದಲು ಒಂದು ಚುಕ್ಕೆ ಮೂಡಿತು. ಆಮೇಲೆ ಕಿರುಬೆರಳುದ್ದ ಕೆಂಪು ಗೆರೆ.

ಯಾಮಿನಿ ಫೋನ್ ತೆಗೆದು ನಾಳೆಯ ಓಡಾಟವನ್ನು ರದ್ದು ಮಾಡಿಸಿದಳು. "ರಿಪೋರ್ಟ್‌ನಲ್ಲಿ ಪುಟ್ಟಿ ಹಾಕಿದ್ದು ಯಾರು ಅಂತ ಬರೀಬೇಕಾಗತ್ತೆ ಅಂಕಲ್."

"ಬರೀರಿ. ಕಂಡದ್ದು ಯಾರಿಗೆ ಅಂತಲೂ ಬರೀರಿ."

ಆ ಕಬ್ಬಿಣವನ್ನು ತೆಗೆದು ಹೊಸದು ಕೂರಿಸಲು ಎರಡು ವಾರ ಹಿಡಿಯಿತು. ಮಕ್ಕಳು ಬಂದ ದಿನ ಜಯಕರ ಟ್ರಾಮ್ ಹತ್ತಲಿಲ್ಲ. ಹಿಂಬಾಗಿಲ ಪಕ್ಕದಲ್ಲೇ ನಿಂತು, ಕೊನೆಯ ಮಗು ಮೆಟ್ಟಿಲು ದಾಟುವವರೆಗೆ ಆ ಕಬ್ಬಿಣದ ಮೇಲೆ ಕಣ್ಣಿಟ್ಟಿದ್ದ. ಕೆಲಸ ಇನ್ನೂ ಆರು ತಿಂಗಳು ಮುಂದುವರಿಯುವುದಾಗಿ ಅದೇ ಮಧ್ಯಾಹ್ನ ಗೊತ್ತಾಯಿತು. ಸಂತೋಷಪಡಲು ಅವನಿಗೆ ಪುರುಸೊತ್ತಿರಲಿಲ್ಲ. ಮೊದಲು ಬಣ್ಣ ಹೊಡೆದಿದ್ದ ಎರಡು ಗಾಡಿಗಳ ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದ.