ಅಕ್ಕನ ಮನೆಯ ಐದು ಸ್ಪೀಕರಿನ ಪೆಟ್ಟಿಗೆ

ನನ್ನದು ಸುಮ್ಮನಿರುವ ಕೈಯಲ್ಲ. ಗೋಡೆ ಗಡಿಯಾರ, ಸೈಕಲ್ ಡೈನಮೊ, ಅಮ್ಮನ ಮಿಕ್ಸಿ, ಸರಿಯಾಗಿ ಓಡುತ್ತಿದ್ದ ಯಾವುದನ್ನೂ ನಾನು ಬಿಚ್ಚದೆ ಬಿಟ್ಟವನಲ್ಲ. ಚಾಮರಾಜನಗರದಲ್ಲಿ ಅಪ್ಪನದೊಂದು ರೇಡಿಯೋ ರಿಪೇರಿ ಅಂಗಡಿ. ಡಿಪ್ಲೊಮಾ ಮುಗಿಸಿದ ಮೇಲೆ ನಾನೂ ಅಲ್ಲೇ ನಿಂತೆ. ನಿಂತೆ ಅಂದರೆ ನಿಂತೇ ಇದ್ದೆ. ಅಂಗಡಿಯಲ್ಲಿದ್ದದ್ದು ಒಂದೇ ಸ್ಟೂಲು, ಅದರ ಮೇಲೆ ಅಪ್ಪ ಕೂತಿರುತ್ತಿದ್ದ.

ಅಪ್ಪನ ಬಲಗೈ ಆಗಲೇ ನಡುಗುತ್ತಿತ್ತು. ಬೆಸುಗೆ ಹಾಕುವಾಗ ಎಡಗೈಯಲ್ಲಿ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ, ಸೀಸದ ತಂತಿಯನ್ನು ನಾನು ಹಿಡಿದುಕೊಡಬೇಕಿತ್ತು. ಅವನದು ಒಂದೇ ಕಾಯಿದೆ: "ಎಂಗಿತ್ತೋ ಅಂಗೆ." ಕೆಟ್ಟ ಸಾಮಾನು ಕೆಡುವ ಮುಂಚೆ ಹೇಗಿತ್ತೋ ಹಾಗೆ ಮಾಡಿಕೊಡಬೇಕು, ಮೇಲೆ ನಮ್ಮ ಬುದ್ಧಿ ತೋರಿಸಬಾರದು. ನನಗೆ ಅದನ್ನು ಕೇಳಿದರೇ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಅವನೇ ಅಂದ: "ಒಂದು ಕೆಲ್ಸ ಪೂರಾ ನೀನೇ ಮಾಡ್ಲಾ. ಅದು ಅಂಗಡಿಗೆ ವಾಪಸ್ ಬರ್ನಿಲ್ಲ ಅಂದ್ರೆ ಈ ಸ್ಟೂಲು ನಿಂದು."

ಆ ಕೆಲಸ ಗುಂಡ್ಲುಪೇಟೆಯ ಅಕ್ಕನ ಮನೆಯಿಂದ ಬಂತು. ಭಾವ ಅಲ್ಲಿ ಗುಮಾಸ್ತ. ಗಲ್ಫಿನಿಂದ ಮರಳಿದ ಮಲಯಾಳಿ ಗೆಳೆಯನೊಬ್ಬ ತನ್ನ ಹಳೆಯ ಆಂಪ್ಲಿಫೈಯರನ್ನು ಭಾವನಿಗೆ ಕೊಟ್ಟಿದ್ದ. ಅದಕ್ಕೆ ಐದು ಸ್ಪೀಕರು: ಮುಂದೆ ಎಡಕ್ಕೊಂದು ಬಲಕ್ಕೊಂದು, ನಡುವೆ ಮಾತಿಗೆಂದು ಒಂದು, ಬೆನ್ನ ಹಿಂದೆ ಎರಡು. ಟೀವಿಗೆ ಜೋಡಿಸಿದರೆ ಹಿಂದಿನ ಎರಡು ಸತ್ತಂತೆ, ನಡುವಿನದು ಗರಗರ. ನಾನು ಉಪಕರಣದ ಚೀಲ ಹೊತ್ತು ಹೋದಾಗ ಅಕ್ಕ ಬಾಗಿಲಲ್ಲೇ ದೂರು ಹೇಳಿದಳು: "ಸಿನ್ಮಾ ಆಡು ಕೇಳ್ತದೆ, ಮಾತೇ ಕೇಳಕಿಲ್ಲ ಕಣ್ಲಾ."

ಎರಡು ದಿನ ಜಗಲಿಯ ಮೇಲೆ ಪೆಟ್ಟಿಗೆಯನ್ನು ಹರವಿಕೊಂಡು ಕೂತೆ. ಧೂಳು ಹೊಡೆದು, ವಾಲ್ಯೂಮ್ ಕಂಟ್ರೋಲುಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಒಣಗಿದ ಕೆಪಾಸಿಟರುಗಳನ್ನೆಲ್ಲ ಕಿತ್ತು ಹೊಸದು ಹಾಕಿದೆ. ಅಲ್ಲಿಗೆ ರಿಪೇರಿ ಮುಗಿದಿತ್ತು. ನಾನು ಮುಗಿಸಬೇಕಲ್ಲ! ನಡುವಿನ ಸ್ಪೀಕರಿನ ದಾರಿಯಲ್ಲಿದ್ದ ಒಂದು ಕೆಪಾಸಿಟರಿನ ಜಾಗಕ್ಕೆ ತೀರ ಸಣ್ಣ ಅಳತೆಯದನ್ನು ಕೂರಿಸಿದೆ. ಗುಂಯ್ಗುಡುವ ದಪ್ಪ ಸದ್ದು ಹಿಂದುಳಿದು ಮಾತು ಬಿಡಿಬಿಡಿಯಾಗಿ ಕೇಳಿತು. ಅಕ್ಕನ ಮುಖ ಅರಳಿತು, ನನಗೆ ಜಂಬ ತಲೆಗೇರಿತು.

ಹಿಂದಿನ ಎರಡು ಸ್ಪೀಕರು ಮಾತ್ರ ಆಗಾಗ ಕಟ್ಟಾಗುತ್ತಿದ್ದವು. ಮೀಟರ್ ಇಟ್ಟು ನೋಡಿದರೆ ಕರೆಂಟು ಬರೀ ನೂರೈವತ್ತು ವೋಲ್ಟು. ಪೆಟ್ಟಿಗೆಯ ಹಿಂಬದಿಯಲ್ಲಿ ಆಯಾ ದೇಶದ ಕರೆಂಟಿಗೆ ಹೊಂದಿಸುವ ಬಿಲ್ಲೆಯೊಂದಿತ್ತು. ಇನ್ನೂರಿಪ್ಪತ್ತರಲ್ಲಿದ್ದ ಅದನ್ನು ನೂರಿಪ್ಪತ್ತೇಳಕ್ಕೆ ತಿರುಗಿಸಿಬಿಟ್ಟೆ. ಐದೂ ಸ್ಪೀಕರು ಒಟ್ಟಿಗೆ ಹಾಡಿದವು. ಆಗ ಮಧ್ಯಾಹ್ನ ಮೂರು ಗಂಟೆ. "ಕಾಪಿ ಕುಡ್ಕಂಡು ಓಗ್ಲಾ, ಏನವಸ್ರ?" ಅಂತ ಅಕ್ಕ ಕೂಗುತ್ತಲೇ ಇದ್ದಳು. ನನಗೆ ಅಪ್ಪನ ಮುಂದೆ ಹೋಗಿ ನಿಲ್ಲುವ ಅವಸರ. ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗಲಿಲ್ಲ.

ಮರುದಿನ ಬೆಳಿಗ್ಗೆ ಭಾವ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಸುತ್ತಿ ತಂದು ಅಪ್ಪನ ಮುಂದಿಟ್ಟ. ಸುಟ್ಟ ವಾಸನೆ ಅಂಗಡಿಗೆಲ್ಲ ತುಂಬಿಕೊಂಡಿತು. "ನೆನ್ನೆ ಸಂಜೇಲಿ ಆನ್ ಮಾಡ್ದೊ ಮಾವ, ಡಬ್ ಅಂತು" ಅಂದ ಭಾವ.

ಅಪ್ಪ ಮುಚ್ಚಳ ತೆಗೆದು ನೋಡಿದ, ತಿರುಗಿಸಿ ಹಿಂಬದಿಯ ಬಿಲ್ಲೆ ನೋಡಿದ. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

"ಎಷ್ಟೊತ್ಗೆ ಟೆಸ್ಟ್ ಮಾಡ್ದೆ?"

"ಮೂರು ಗಂಟೆಗೆ."

"ಮೀಟರ್ ತಕ. ಅಕ್ಕನ ಮನೆಗೋಗಿ ಪ್ಲಗ್ಗಿಗಿಟ್ಟು ಮೂರರಿಂದ ಐದೂವರೆ ಗಂಟ ಕೂತ್ಕೊ. ಏನೂ ಮುಟ್ಬೇಡ, ಬರೀ ನೋಡು."

ಹೋಗಿ ಕೂತೆ. ಮುಳ್ಳು ನೂರೈವತ್ತರಲ್ಲಿ ಮಲಗಿತ್ತು. ಸುತ್ತಲಿನ ಹೊಲಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುತ್ತಿದ್ದ ಹೊತ್ತು. ಅರ್ಧ ಗಂಟೆಗೇ ನನ್ನ ಕಾಲು ಜೋಮು ಹಿಡಿಯಿತು. ಎದ್ದೆ, ಕೂತೆ, ಅಕ್ಕ ಕೊಟ್ಟ ಕಾಪಿ ಕುಡಿದೆ, ಮತ್ತೆ ಎದ್ದೆ. ಅಪ್ಪನ ಮೇಲೆ ಸಿಟ್ಟು ಬಂದು ಬಂದು ಹೋಯಿತು. ಐದಕ್ಕೆ ಪಂಪುಗಳಿಗೆ ಬಿಡುವ ತ್ರೀ ಫೇಸ್ ಕರೆಂಟು ಕಟ್ಟಾಯಿತು, ಪಂಪುಗಳ ಸದ್ದು ನಿಂತಿತು. ಮುಳ್ಳು ಎದ್ದು ಇನ್ನೂರನ್ನು ದಾಟಿತು, ಇನ್ನೂರನಲವತ್ತರಲ್ಲಿ ನಿಂತಿತು. ನಾನು ನೂರಿಪ್ಪತ್ತೇಳಕ್ಕೆ ಹೊಂದಿಸಿ ಬಂದಿದ್ದ ಪೆಟ್ಟಿಗೆಗೆ ಅದರ ಹತ್ತಿರಹತ್ತಿರ ಇಮ್ಮಡಿ ಹೊಡೆದಿತ್ತು. ತ್ರೀ ಫೇಸ್ ಹೋದರೆ ಬಲ್ಬು ಬೆಳ್ಳಗಾಗುವುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಅಕ್ಕನ ಕಾಪಿ ಕುಡಿದು ಐದರವರೆಗೆ ಕಾದಿದ್ದರೆ ಸಾಕಿತ್ತು. ನಾಚಿಕೆಯಿಂದ ಅಕ್ಕನ ಮುಖ ನೋಡಲಾಗಲಿಲ್ಲ.

ವಾರದೊಳಗೆ ಅಪ್ಪ ಪೆಟ್ಟಿಗೆಯನ್ನು ಸರಿಮಾಡಿದ. ಸೀಸ ಹಿಡಿಯಲೂ ನನ್ನನ್ನು ಕರೆಯಲಿಲ್ಲ; ನಾನು ಊಟಕ್ಕೆ ಹೋದಾಗ ಒಬ್ಬನೇ ಕೂತು ಮಾಡುತ್ತಿದ್ದ. ಭಾವನ ಕೈಗೆ ಕೊಡುವಾಗ, "ಎಂಗಿತ್ತೋ ಅಂಗೆ ಮಾಡ್ಬುಟ್ಟಿವ್ನಿ" ಅಂದ. ನನ್ನ ಕೈಚಳಕವನ್ನೆಲ್ಲ ಕಿತ್ತೆಸೆದಿದ್ದಾನೆ ಎಂದುಕೊಂಡು ನಾನು ಒಳಗೇ ಕುದಿದೆ. ಸ್ಟೂಲಿನ ಮಾತು ಮತ್ತೆ ಬರಲಿಲ್ಲ.

ಎರಡು ವರ್ಷದ ಮೇಲೆ ಅದೇ ಪೆಟ್ಟಿಗೆ ಧೂಳು ತೆಗೆಸಿಕೊಳ್ಳಲು ಬಂತು. ಅಪ್ಪನ ಕೈಯಲ್ಲಿ ಸ್ಕ್ರೂಡ್ರೈವರ್ ನಿಲ್ಲುತ್ತಿರಲಿಲ್ಲ. "ನೀನೇ ಬಿಚ್ಚು" ಅಂದ.

ಬಿಚ್ಚಿದೆ. ನಡುವಿನ ಸ್ಪೀಕರಿನ ದಾರಿಯಲ್ಲಿ ಒಂದು ಕೆಪಾಸಿಟರು ಕೂತಿತ್ತು. ಕಂಪನಿಯ ಅಳತೆಯದಲ್ಲ, ನಾನು ಹಾಕಿದ್ದ ಸಣ್ಣ ಅಳತೆಯದು. ನಾನು ಹಾಕಿದ್ದದ್ದು ಸುಟ್ಟಿತ್ತಲ್ಲ, ಇದು ಹೊಸದು. ಅಪ್ಪ ಹುಡುಕಿ ತಂದು ಹಾಕಿದ್ದು. ಬೆಸುಗೆ ದಪ್ಪವಾಗಿ ಪಕ್ಕಕ್ಕೆ ಹರಿದಿತ್ತು, ಸೀಸ ಹಿಡಿಯುವವರಿಲ್ಲದೆ ನಡುಗುವ ಕೈ ಹಾಕಿದ ಬೆಸುಗೆ. ಒಂದಲ್ಲ, ಮೂರು ನಾಲ್ಕು ಸಲ ತಪ್ಪಿ ಹಾಕಿದ ಗುರುತು.

ಅಂಥ ಒರಟು ಬೆಸುಗೆ ಕಂಡರೆ ನನ್ನ ಕೈ ಕಡಿಯುತ್ತದೆ. ಬೆಸುಗೆಯ ಐರನ್ ಕಾದಿತ್ತು, ಕೈಯಲ್ಲೇ ಇತ್ತು. ಒಂದು ಕ್ಷಣದ ಕೆಲಸ. ಐರನ್ನನ್ನು ಅದರ ಜಾಗಕ್ಕೆ ಇಟ್ಟು ಧೂಳನ್ನಷ್ಟೇ ಒರೆಸಿ ಮುಚ್ಚಳ ಹಾಕಿದೆ.

"ಏನಾರ ಮಾಡ್ಬುಟ್ಟೇನ್ಲಾ?" ಅಪ್ಪ ಸ್ಟೂಲಿನಿಂದಲೇ ಕೇಳಿದ.

"ಇಲ್ಲ ಕಣಪ್ಪ. ಎಂಗಿತ್ತೋ ಅಂಗೇ ಬುಟ್ಟಿವ್ನಿ."

ಅಪ್ಪ ಮೊಣಕಾಲಿಗೆ ಕೈಯೂರಿ ಸ್ಟೂಲಿನಿಂದ ಎದ್ದ.

"ಟೀ ಕುಡ್ಕಂಡು ಬತ್ತಿನಿ" ಅಂದ. "ನಿಂತೇ ಇರ್ಬೇಡ, ಕೂತ್ಕೊ."