ಬೀಗ ಹಾಕಿದ ಮನೆಯ ವೈಫೈ

ಚಂದಕವಾಡಿಯ ನಮ್ಮ ಬೀದಿಯಲ್ಲಿ ಸುಧಾಮಣಿಯನ್ನು ಹೆಸರು ಹಿಡಿದು ಕರೆಯುವವರು ಪಕ್ಕದ ಮನೆಯ ನಾನು ಮತ್ತು ಅವಳ ಅತ್ತೆ ಚಿಕ್ಕಮಲ್ಲಮ್ಮ ಇಬ್ಬರೇ. ಉಳಿದವರಿಗೆಲ್ಲ ಅವಳು ಅಂಗನವಾಡಿ ಮಿಸ್ಸು. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬಂದವಳು ಊರಿನ ಅರ್ಧ ಮಕ್ಕಳ ಮೂಗು ಒರೆಸಿದ್ದಾಳೆ. ತನಗೆ ಮಕ್ಕಳಾಗಲಿಲ್ಲ. ಗಂಡ ಮರಿಮಲ್ಲಪ್ಪ ಅರಿಶಿನ ಬೆಳೆಯುತ್ತಿದ್ದ. ಹೆಂಡತಿಯನ್ನು ಕೇಳದೆ ಒಂದು ಅಂಗಿ ಕೊಂಡವನಲ್ಲ. ಅವನ ಮೊಬೈಲಿಗೆ ರೀಚಾರ್ಜ್ ಮಾಡುವುದೂ ಅವಳದೇ ಕೆಲಸ.

ಕಳೆದ ತಿಂಗಳು ಅವಳು ಚಾಮರಾಜನಗರಕ್ಕೆ ಮೀಟಿಂಗಿಗೆ ಹೋಗಿದ್ದಾಗ, ಹಿಂದಿನ ಕೋಣೆಯಲ್ಲಿ ಒಬ್ಬನೇ ಮಲಗಿದ್ದ ಮರಿಮಲ್ಲಪ್ಪ ಏಳಲಿಲ್ಲ. ಎದೆಬಡಿತ ನಿಂತುಹೋಗಿತ್ತು. ಸತ್ತ ನಕ್ಷತ್ರ ಕೆಟ್ಟದ್ದು, ಆರು ತಿಂಗಳು ಮನೆ ಬಿಡಬೇಕು ಎಂದು ಯಾರೋ ಹೇಳಿದರು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಭಾಷಣ ಬಿಗಿಯುವವರೇ ಮೊದಲು ತಲೆಯಾಡಿಸಿದ್ದು. ಮಣ್ಣು ಮಾಡಿ ಬಂದ ಸಂಜೆಯೇ ಮನೆಗೆ ಬೀಗ ಬಿತ್ತು. ಅತ್ತೆ ಸೊಸೆ ಹಿತ್ತಲಿನ ಕೊಟ್ಟಿಗೆಗೆ ಅಂಟಿದ ಕೋಣೆ ಸೇರಿದರು. ಮರಿಮಲ್ಲಪ್ಪನ ಮೊಬೈಲು ಹಿಂದಿನ ಕೋಣೆಯಲ್ಲಿ ಚಾರ್ಜಿಗೆ ಹಾಕಿದ್ದು ಹಾಗೆಯೇ ಒಳಗುಳಿಯಿತು. ಪಡಸಾಲೆಯ ಕಿಟಕಿಯಲ್ಲಿದ್ದ ವೈಫೈ ಡಬ್ಬಿಯೂ ಅಷ್ಟೆ. ಮುಸ್ಸಂಜೆ ಆ ಕತ್ತಲ ಮನೆಯೊಳಗೆ ಅದರ ಹಸಿರು ದೀಪ ಮಿಣುಕುವುದನ್ನು ಕಂಡರೆ ನನಗೇ ಮೈ ಜುಂ ಎನ್ನುತ್ತಿತ್ತು. ಬೀದಿಯ ಮಕ್ಕಳು ಆ ಕಡೆ ಸುಳಿಯುವುದನ್ನೇ ಬಿಟ್ಟವು.

ಸುಧಾಮಣಿಯನ್ನು ಕಾಡುತ್ತಿದ್ದುದು ಬೇರೆ. ಮೀಟಿಂಗಿಗೆ ಹೋದ ದಿನ ಬೆಳಿಗ್ಗೆ ರೀಚಾರ್ಜ್ ಮುಗಿದಿದೆ ಎಂದು ಗಂಡ ಹೇಳಿದ್ದ. ಬಸ್ಸಿನ ಗಡಿಬಿಡಿಯಲ್ಲಿ ಅವಳು ಮರೆತಳು.

“ನಂಗೆ ಫೋನ್ ಮಾಡಕ್ಕೆ ನೋಡಿ, ಕಾಲ್ ಓಗ್ದೆ ಓಯ್ತೇನೋ ಅಕ್ಕ?” ಎಂದು ದಿನಾ ಕೇಳುವಳು.

“ನಿದ್ದೇಲೇ ಓದ್ರು ಕಣಮ್ಮಿ. ನೋವೇ ಗೊತ್ತಾಗ್ನಿಲ್ಲ, ಬುಡು,” ಎಂದು ನಾನೂ ದಿನಾ ಹೇಳುವೆ. ನಾನೇನು ಕಂಡಿದ್ದೆನೇ? ಏನಾದರೂ ಹೇಳಬೇಕಲ್ಲ.

ಅಂಗನವಾಡಿಯ ಲೆಕ್ಕವನ್ನೆಲ್ಲ ಈಗ ಮೊಬೈಲಿನಲ್ಲೇ ತುಂಬಬೇಕು. ಕೊಟ್ಟಿಗೆ ಕಡೆ ಸಿಗ್ನಲ್ ಇಲ್ಲ. ದಪ್ಪ ಮಣ್ಣಿನ ಗೋಡೆ ದಾಟಿ ಪಡಸಾಲೆಯ ವೈಫೈ ಹಿಂದಿನ ಕೋಣೆಗೂ ಯಾವತ್ತೂ ಬಂದದ್ದಿಲ್ಲ. ಸುಧಾಮಣಿ ಕೇಬಲ್ಲಿನ ಶಶಿಕುಮಾರನನ್ನು ಕರೆಸಿದಳು. ಒಳಗೆ ಕಾಲಿಡುವಂತಿಲ್ಲ ಎಂದಾಗ ಅವನು ಕಿಟಕಿಯ ಸರಳಿನೊಳಗೆ ಕೈ ತೂರಿಸಿ ಡಬ್ಬಿಗೆ ವೈರು ಸಿಕ್ಕಿಸಿದ. ಸೂರಿನ ಕೆಳಗೆ ಅದನ್ನು ಹಿತ್ತಲಿಗೆ ಎಳೆದು, ಹಿಂದಿನ ಕೋಣೆಯ ಕಿಟಕಿಗೆ ಎದುರಾಗಿ ಕೊಟ್ಟಿಗೆ ಗೋಡೆಯಲ್ಲಿ ಇನ್ನೊಂದು ಡಬ್ಬಿ ಕೂರಿಸಿದ. ಕಿಟಕಿಯೊಳಗಿಟ್ಟ ಕೈಯನ್ನು ಪ್ಯಾಂಟಿಗೆ ಒರೆಸುತ್ತಲೇ ಇದ್ದ, ಪಾಪ.

“ಹೆಸ್ರು, ಪಾಸ್ವರ್ಡು ಎಲ್ಡೂ ಹಳೇವೇ ಮಡಗಿವ್ನಿ ಮಿಸ್. ನಿಮ್ಮನೆ ಫೋನ್ಗಳು ತಾವೇ ಕೂಡ್ಕತವೆ,” ಎಂದು ಸ್ವಿಚ್ಚು ಹಾಕಿದ.

ಸ್ವಲ್ಪ ಹೊತ್ತಿಗೆ ಸುಧಾಮಣಿಯ ಕೈಯಲ್ಲಿದ್ದ ಮೊಬೈಲು ಟಿಣ್ ಎಂದಿತು. ವಾಟ್ಸಾಪಿನಲ್ಲಿ ಮರಿಮಲ್ಲಪ್ಪನ ಫೋಟೋ, ಅದರ ಮುಂದೆ ಒಂದು ವಾಯ್ಸ್ ಮೆಸೇಜು. ಶಶಿಕುಮಾರ ಹಿಂದಿನ ಕೋಣೆಯ ಕಿಟಕಿಯ ಕಡೆ ನೋಡಿದ.

“ಅಣ್ಣೋರ ಫೋನು ಒಳ್ಗೆ ಚಾರ್ಜಲ್ಲೇ ಅದಲ್ಲ ಮಿಸ್. ಆವತ್ತು ಕಳ್ಸಿದ್ದು ಓಗ್ದೆ ನಿಂತಿತ್ತು, ಈಗ ನೆಟ್ ಸಿಕ್ಕಿ ಬಂದದೆ,” ಎಂದ. ಅರ್ಥವಾಯಿತು. ಅರ್ಥವಾದರೂ ಹೆದರಿಕೆ ಹೋಗಲಿಲ್ಲ.

ಅವಳು ಒತ್ತಿದಳು.

“ಸುಧಾ, ಎದೆ ಉರೀತಾದೆ ಕಣಮ್ಮಿ. ಗ್ಯಾಸು ಅನ್ನುಸ್ತದೆ. ಬತ್ತಾ ಒಂದು ಸೋಡಾ ತಕ್ಕಬಾ. ಬಿರ್ನೆ ಬಾ.” ಆಮೇಲೆ ಬರೀ ಉಸಿರು, ಫ್ಯಾನಿನ ಸದ್ದು.

“ಕರ್ದಿದ್ರು ಅಕ್ಕ,” ಎಂದಳು. ನಾನು ಮುಖ ಎತ್ತಲಾರದೆ ಹೋದೆ.

ಸಗಣಿ ಕೈಯಲ್ಲೇ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಿದ್ದ ಚಿಕ್ಕಮಲ್ಲಮ್ಮ ಮಗನ ದನಿ ಕೇಳಿದ್ದರು. ಕೈ ತೊಳೆದು, ಎಲೆಯಡಿಕೆ ಚೀಲದಿಂದ ಬೀಗದ ಕೈ ತೆಗೆದು ಸೊಸೆಯ ಮುಂದೆ ಹಿಡಿದರು.

“ಯಾವ ನಕ್ಷತ್ರನೂ ಬ್ಯಾಡ. ಕರೀತಾವ್ನೆ, ಓಗವ್ವ.”

ಸುಧಾಮಣಿ ಬಾಗಿಲು ತೆಗೆದು ಒಳಗೆ ಹೋದಳು. ನಾವು ಹೊಸಿಲ ಹೊರಗೇ ನಿಂತೆವು. ಹಿಂದಿನ ಕೋಣೆಯಿಂದ, “ಬಂದೆ ಕಣ್ರೀ, ತಡ ಆಗೋಯ್ತು,” ಎಂದು ಅವಳು ಹೇಳುವುದು ಕೇಳಿಸಿತು.